ಅಪ್ಪನ ಕಪಾಟಿನ ಕರಾರು, ಮಗಳ ಬಿ.ಕಾಂ. ಪುಸ್ತಕ

ಮಳೆಗಾಲ ಆರಂಭವಾಗುತ್ತಿದ್ದಂತೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ವಿದ್ಯಾರ್ಥಿ ವೇತನ, ಪುಸ್ತಕ ವಿತರಣೆ, ಪ್ರತಿಭಾ ಪುರಸ್ಕಾರದ ಕಾರ್ಯಕ್ರಮಗಳು ಸಾಲುಸಾಲಾಗಿ ನಡೆಯುತ್ತವೆ. ವೇದಿಕೆಯೇರಿ ಲಕೋಟೆ ಪಡೆಯುವ ಮಕ್ಕಳಲ್ಲಿ ಬಹಳಷ್ಟು ಮಂದಿ ವಾಣಿಜ್ಯ ವಿಭಾಗದವರು. ಮುಂದೇನು ಎಂದು ಕೇಳಿದರೆ ಬಿ.ಕಾಂ., ಬಿ.ಎಂ.ಎಸ್., ಜತೆಗೆ ಸಿ.ಎ. ಎಂಬ ಉತ್ತರ ಥಟ್ಟನೆ ಬರುತ್ತದೆ. ಹೋಟೇಲು, ಬ್ಯಾಂಕು, ಕ್ಯಾಟರಿಂಗ್, ಸಣ್ಣ ಕಾರ್ಖಾನೆಗಳಲ್ಲಿ ಬೇರೂರಿದ ಸಮಾಜಕ್ಕೆ ಇದು ಸಹಜವೇ.

ಆ ಪದವಿಯ ನಡುವೆ ವ್ಯವಹಾರ ಕಾನೂನು, ಅಂದರೆ ಬಿಸಿನೆಸ್ ಲಾ ಎಂಬ ಪತ್ರಿಕೆಯೊಂದಿದೆ. ಅದರ ಪಾಡು ಮಾತ್ರ ಯಾರೂ ವಿಚಾರಿಸದ ನೆಂಟನದು. ಅಕೌಂಟ್ಸ್‌ಗೆ ಟ್ಯೂಷನ್ ಉಂಟು, ಕಾಸ್ಟಿಂಗ್‌ಗೂ ಉಂಟು. ಕಾನೂನಿಗೆ ಪರೀಕ್ಷೆಯ ಹಿಂದಿನ ವಾರ ಸ್ಟೇಷನ್ ಪಕ್ಕದ ಅಂಗಡಿಯಿಂದ ತರುವ ತೆಳ್ಳನೆಯ ಗೈಡ್ ಒಂದೇ ಗತಿ. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ, ಸೆಕ್ಷನ್ ನಂಬರುಗಳನ್ನು ಬೆರಳಲ್ಲಿ ಎಣಿಸಿ, ಪಾಸಾದ ಮರುದಿನ ಗೈಡನ್ನು ರದ್ದಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು.

ವಿಚಿತ್ರವೆಂದರೆ, ಅದೇ ಮನೆಯ ಉಕ್ಕಿನ ಕಪಾಟಿನಲ್ಲಿ ಅಪ್ಪ ಸಹಿ ಹಾಕಿದ ಪಾಲುದಾರಿಕೆ ಪತ್ರವಿರುತ್ತದೆ. ಹೋಟೇಲನ್ನು ಕಂಡಕ್ಟಿಗೆ ಕೊಟ್ಟ ಕಾಗದ, ಊರಿನವನೊಬ್ಬನ ಸಾಲಕ್ಕೆ ಜಾಮೀನು ನಿಂತ ಫಾರಮು, ಬೌನ್ಸ್ ಆದ ಚೆಕ್ಕುಗಳೂ ಇರುತ್ತವೆ. ರದ್ದಿಗೆ ಹೋದ ಪುಸ್ತಕದಲ್ಲಿ ಈ ಒಂದೊಂದು ಕಾಗದಕ್ಕೂ ಒಂದೊಂದು ಅಧ್ಯಾಯ ಇತ್ತು ಎಂಬುದು ಅಪ್ಪನಿಗೂ ತಿಳಿದಿರುವುದಿಲ್ಲ, ಮಗಳಿಗೂ ಹೊಳೆದಿರುವುದಿಲ್ಲ.

ಪಠ್ಯದಲ್ಲಿ ಇರುವುದೇನು?

ವಿಶ್ವವಿದ್ಯಾಲಯ ಯಾವುದೇ ಇರಲಿ, ಈ ಪತ್ರಿಕೆಯ ಬೆನ್ನೆಲುಬು ಬ್ರಿಟಿಷರ ಕಾಲದ ನಾಲ್ಕು ಕಾಯ್ದೆಗಳು: 1872ರ ಕರಾರು ಕಾಯ್ದೆ, 1881ರ ವರ್ಗಾವಣೀಯ ಪತ್ರಗಳ ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ, 1932ರ ಪಾಲುದಾರಿಕೆ ಕಾಯ್ದೆ. ಇವುಗಳ ಮೇಲೆ 2008ರ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಅಂದರೆ ಎಲ್.ಎಲ್.ಪಿ., 2013ರ ಕಂಪೆನಿ ಕಾಯ್ದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೀಗೆ ಹೊಸ ಮಹಡಿಗಳು ಎದ್ದಿವೆ. ಮನೆಯಲ್ಲಿರುವ ಅಣ್ಣನ ಹಳೆಯ ಪುಸ್ತಕದಲ್ಲೇ ಓದಿ ಮುಗಿಸುವ ಉಳಿತಾಯ ಇಲ್ಲಿ ನಡೆಯುವುದಿಲ್ಲ. ಆ ಪುಸ್ತಕದಲ್ಲಿ ಇನ್ನೂ 1956ರ ಕಂಪೆನಿ ಕಾಯ್ದೆ, 1986ರ ಗ್ರಾಹಕ ಕಾಯ್ದೆಗಳೇ ಇದ್ದಾವು. ಎರಡೂ ಈಗ ಚಾಲ್ತಿಯಲ್ಲಿಲ್ಲ.

ಕರಾರು ಕಾಯ್ದೆಯ ಮೊದಲ ಪಾಠವೇ ನಮ್ಮವರ ಒಂದು ದೊಡ್ಡ ತಪ್ಪು ತಿಳುವಳಿಕೆಯನ್ನು ತೆಗೆದುಹಾಕುತ್ತದೆ. ‘ಬರೆದು ಕೊಟ್ಟಿಲ್ಲ, ಹಾಗಾಗಿ ಕರಾರೇ ಇಲ್ಲ’ ಎನ್ನುವವರು ಬಹಳ. ಕಾನೂನು ಹಾಗೆ ಹೇಳುವುದಿಲ್ಲ. ಬೇರೆ ಕಾನೂನೇನಾದರೂ ಬರವಣಿಗೆಯನ್ನು ಕಡ್ಡಾಯ ಮಾಡಿರದಿದ್ದರೆ ಬಾಯಿಮಾತಿನ ಒಪ್ಪಂದವೂ ಕರಾರೇ. ಕಷ್ಟ ಬರುವುದು ಅದನ್ನು ರುಜುವಾತು ಮಾಡುವಾಗ. ಈ ಎರಡು ಮಾತಿನ ನಡುವಿನ ವ್ಯತ್ಯಾಸ ಅರ್ಥವಾದ ವಿದ್ಯಾರ್ಥಿಗೆ ಪತ್ರಿಕೆಯ ಕಾಲುಭಾಗ ಕೈಗೆ ಬಂದಂತೆ.

ಪಾಲುದಾರ ತೀರಿಕೊಂಡಾಗ

ಮಾಟುಂಗಾದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ ಇಂದಿನವರೆಗೆ ಮುಂಬಯಿಗೆ ಬಂದು ಹೋಟೇಲು ಕಟ್ಟಿದವರ ಪೀಳಿಗೆಗಳು ಹಲವು. ಒಬ್ಬನ ಹಣ ಸಾಲದೆಂದು ಅಣ್ಣತಮ್ಮ, ಭಾವ, ನೆರೆಮನೆಯವ ಸೇರಿ ಪಾಲು ಹಾಕುವುದು ನಮ್ಮಲ್ಲಿ ಹಿಂದಿನಿಂದಲೂ ಬಂದ ರೂಢಿ. ನಂಬಿಕೆಯೇ ಬಂಡವಾಳ, ಕಾಗದ ಕೇಳಿದರೆ ಅವಮಾನ.

ಉದಾಹರಣೆಗೆ ಮೂವರು ಸೇರಿ ಘಾಟ್ಕೋಪರ್‌ನಲ್ಲಿ ಒಂದು ಹೋಟೇಲು ನಡೆಸುತ್ತಿದ್ದಾರೆ ಎನ್ನೋಣ. ಕಾಗದಪತ್ರ ಇಲ್ಲ. ಅವರಲ್ಲೊಬ್ಬ ತೀರಿಕೊಂಡ. ಹೆಂಡತಿ ಮಕ್ಕಳು ಕಾರ್ಕಳದ ಕಡೆಯ ಹಳ್ಳಿಯಲ್ಲಿದ್ದಾರೆ. ಉಳಿದಿಬ್ಬರು ಮೊದಲ ವರ್ಷ ತಪ್ಪದೆ ಹಣ ಕಳುಹಿಸಿದರು, ಎರಡನೇ ವರ್ಷ ಅರ್ಧ ಕಳುಹಿಸಿದರು, ಮೂರನೇ ವರ್ಷ ‘ವ್ಯಾಪಾರ ಇಲ್ಲ’ ಎಂದರು. ಈ ಹೆಂಗಸಿಗೆ ಕಾನೂನು ಏನು ಕೊಡುತ್ತದೆ?

ಎರಡನೇ ವರ್ಷದ ಬಿ.ಕಾಂ. ಪುಸ್ತಕದಲ್ಲಿ ಉತ್ತರ ಇದೆ. ಪಾಲುದಾರಿಕೆಗೆ ಬರವಣಿಗೆ ಕಡ್ಡಾಯವಲ್ಲ, ಆದ್ದರಿಂದ ಅಲ್ಲಿ ಪಾಲುದಾರಿಕೆ ಇದ್ದದ್ದು ನಿಜ. ಬೇರೆ ಕರಾರು ಇಲ್ಲದಿದ್ದರೆ ಪಾಲುದಾರನ ಮರಣದೊಂದಿಗೆ ಫರ್ಮು ವಿಸರ್ಜನೆಯಾಗುತ್ತದೆ ಎನ್ನುತ್ತದೆ ಸೆಕ್ಷನ್ 42. ಲೆಕ್ಕ ಚುಕ್ತಾ ಮಾಡದೆ ಉಳಿದವರು ಫರ್ಮಿನ ಆಸ್ತಿಯಲ್ಲೇ ವ್ಯಾಪಾರ ಮುಂದುವರಿಸಿದರೆ, ತೀರಿಕೊಂಡವನ ಪಾಲಿನ ಬಳಕೆಯಿಂದ ಬಂದ ಲಾಭವನ್ನಾಗಲಿ, ಆ ಪಾಲಿನ ಮೊತ್ತಕ್ಕೆ ವರ್ಷಕ್ಕೆ ಶೇ. 6ರ ಬಡ್ಡಿಯನ್ನಾಗಲಿ, ಯಾವುದು ಬೇಕೋ ಅದನ್ನು ಕೇಳುವ ಆಯ್ಕೆ ವಾರಸುದಾರರದು. ಅದು ಸೆಕ್ಷನ್ 37. ಊರಿಗೆ ಬರುತ್ತಿದ್ದ ಹಣ ಉಳಿದವರ ದಯೆಯಾಗಿರಲಿಲ್ಲ, ಹಕ್ಕಾಗಿತ್ತು ಎಂಬುದನ್ನು ಈ ಒಂದು ಸೆಕ್ಷನ್ ಹೇಳುತ್ತದೆ. ಅದೇ ಹೊತ್ತಿಗೆ ಸೆಕ್ಷನ್ 6ರಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ತೀರಿಕೊಂಡ ಪಾಲುದಾರನ ವಿಧವೆಗೆ ಅಥವಾ ಮಗುವಿಗೆ ವರ್ಷಾಶನದ ರೂಪದಲ್ಲಿ ಹಣ ಬರುತ್ತಿದೆ ಎಂದ ಮಾತ್ರಕ್ಕೆ ಅವರು ಸ್ವತಃ ಪಾಲುದಾರರಾಗುವುದಿಲ್ಲ. 1932ರಲ್ಲಿ ಕಾಯ್ದೆ ಬರೆದವರ ಕಣ್ಣ ಮುಂದೆಯೂ ಆ ವಿಧವೆ ಇದ್ದಳು ಎಂದಾಯಿತು.

ಇನ್ನು ನೋಂದಣಿಯ ಪ್ರಶ್ನೆ. ಫರ್ಮನ್ನು ನೋಂದಾಯಿಸಲೇಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಆದರೆ ನೋಂದಾಯಿಸದಿದ್ದರೆ ಫರ್ಮು ಹೊರಗಿನವರ ಮೇಲೆ ಕರಾರಿನ ಹಕ್ಕಿಗಾಗಿ ದಾವೆ ಹೂಡುವಂತಿಲ್ಲ, ಪಾಲುದಾರರು ಒಬ್ಬರ ಮೇಲೊಬ್ಬರು ಹೂಡುವಂತೆಯೂ ಇಲ್ಲ. ಸೆಕ್ಷನ್ 69ರ ಈ ಪೆಟ್ಟು ಮೇಲ್ನೋಟಕ್ಕೆ ಕಾಣುವುದಿಲ್ಲ, ಜಗಳ ಬಂದ ದಿನವೇ ಗೊತ್ತಾಗುವುದು. ಮೂಲ ಕಾಯ್ದೆ ಒಂದು ಕಿಟಕಿಯನ್ನು ತೆರೆದಿಟ್ಟಿತ್ತು: ವಿಸರ್ಜನೆ ಕೇಳುವುದಕ್ಕೆ, ವಿಸರ್ಜಿತ ಫರ್ಮಿನ ಲೆಕ್ಕ ಕೇಳುವುದಕ್ಕೆ ಅಡ್ಡಿ ಇರಲಿಲ್ಲ. ಮಹಾರಾಷ್ಟ್ರ ಸರಕಾರ 1984ರ ತಿದ್ದುಪಡಿಯಲ್ಲಿ ಆ ಕಿಟಕಿಯನ್ನೂ ಮುಚ್ಚಿ, ತೀರಿಕೊಂಡ ಪಾಲುದಾರನ ವಾರಸುದಾರರು ಲೆಕ್ಕ ಕೇಳುವುದಕ್ಕೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಬದುಕಿರುವ ಪಾಲುದಾರನಿಗೆ ನೋಂದಣಿ ಇಲ್ಲದಿದ್ದರೆ ತನ್ನ ದುಡ್ಡಿನ ಲೆಕ್ಕ ಕೇಳುವ ದಾರಿಯೇ ಇರಲಿಲ್ಲ. ವಿ. ಸುಬ್ರಮಣಿಯಂ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿಯನ್ನು ಸಂವಿಧಾನ ಬಾಹಿರವೆಂದು ರದ್ದುಪಡಿಸಿತು. ಮುಂಬಯಿಯಲ್ಲಿ ಪಾಲಿನ ವ್ಯಾಪಾರ ಮಾಡುವ ಪ್ರತಿಯೊಬ್ಬರಿಗೂ ಸಂಬಂಧಪಟ್ಟ ತೀರ್ಪಿದು. ನಮ್ಮ ಹೋಟೇಲಿಗರಲ್ಲಿ ಎಷ್ಟು ಮಂದಿಯ ಕಿವಿಗೆ ಬಿದ್ದಿದೆಯೋ!

ಪಾಲುದಾರಿಕೆಯಲ್ಲಿ ಪ್ರತಿಯೊಬ್ಬನೂ ಫರ್ಮಿನ ಪೂರ್ತಿ ಸಾಲಕ್ಕೆ ಒಟ್ಟಾಗಿಯೂ ಒಬ್ಬೊಬ್ಬನಾಗಿಯೂ ಹೊಣೆ ಎಂಬುದು ಸೆಕ್ಷನ್ 25. ಪಾಲು ನಾಲ್ಕಾಣೆಯದಾದರೂ ಸಾಲ ಹದಿನಾರಾಣೆಯದು. ಇದಕ್ಕೆ ಪರಿಹಾರವಾಗಿ ಎಲ್.ಎಲ್.ಪಿ. ಬಂದಿದೆ ಎಂಬುದನ್ನು ಅಪ್ಪನಿಗೆ ಹೇಳಬೇಕಾದವರು ಬಿ.ಕಾಂ. ಓದುವ ಮಕ್ಕಳೇ.

‘ಊರಿನವ’ ಎಂಬ ಜಾಮೀನು

ಸಂಘದ ಸದಸ್ಯರಲ್ಲಿ ಒಮ್ಮೆಯಾದರೂ ಜಾಮೀನಿಗೆ ಸಹಿ ಹಾಕದವರು ಕಡಿಮೆ. ‘ಬ್ಯಾಂಕಿನವರು ಸುಮ್ಮನೆ ಇನ್ನೊಂದು ಸಹಿ ಕೇಳುತ್ತಿದ್ದಾರೆ ಅಣ್ಣಾ’ ಎಂದು ಊರಿನ ಹುಡುಗ ಬಂದು ನಿಂತರೆ ಇಲ್ಲ ಎನ್ನುವುದು ಹೇಗೆ? ಸಹಿ ಹಾಕಿ ಚಹಾ ಕುಡಿಸಿ ಕಳುಹಿಸುತ್ತಾರೆ. ತಾನು ಎರಡನೆಯ ಸಾಲು, ಮೊದಲು ಸಾಲಗಾರನನ್ನು ಹಿಡಿಯುತ್ತಾರೆ, ಅವನಲ್ಲಿ ಏನೂ ಸಿಗದಿದ್ದರೆ ಮಾತ್ರ ತನ್ನ ಸರದಿ ಎಂದು ನಂಬಿರುತ್ತಾರೆ.

ಕರಾರು ಕಾಯ್ದೆಯ ಸೆಕ್ಷನ್ 128 ಹೇಳುವುದು ಬೇರೆ. ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸರಿಸಮಾನ. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1968ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಮೊದಲು ಸಾಲಗಾರನಿಂದ ವಸೂಲಿ ಮಾಡಿ, ಆಮೇಲೆ ಜಾಮೀನುದಾರನ ಬಳಿಗೆ ಬನ್ನಿ ಎಂದು ಬ್ಯಾಂಕಿಗೆ ಹೇಳುವಂತಿಲ್ಲ. ಹಾಗೆ ಹೇಳಿದರೆ ಜಾಮೀನು ಪಡೆದ ಉದ್ದೇಶವೇ ಸೋಲುತ್ತದೆ ಎಂಬುದು ಕೋರ್ಟಿನ ನಿಲುವು. ಅಂದರೆ ಹುಡುಗ ದುಬೈಗೆ ಹಾರಿದರೆ ನೋಟೀಸು ನೇರ ಅಣ್ಣನ ಮನೆಗೆ.

ಇದೇ ಅಧ್ಯಾಯದ ಮುಂದಿನ ಪುಟಗಳಲ್ಲಿ ಜಾಮೀನುದಾರನ ರಕ್ಷಣೆಯ ಮಾತೂ ಇದೆ. ಅವನ ಒಪ್ಪಿಗೆ ಇಲ್ಲದೆ ಬ್ಯಾಂಕೂ ಸಾಲಗಾರನೂ ಸೇರಿ ಸಾಲದ ಷರತ್ತು ಬದಲಿಸಿದರೆ, ಆ ನಂತರದ ವ್ಯವಹಾರಗಳಿಗೆ ಅವನು ಹೊಣೆಯಲ್ಲ. ಓಡಿ ಖಾತೆಯಂತಹ ಮುಂದುವರಿಯುವ ಜಾಮೀನನ್ನು ನೋಟೀಸು ಕೊಟ್ಟು ಮುಂದಿನ ವ್ಯವಹಾರಗಳ ಮಟ್ಟಿಗೆ ಹಿಂತೆಗೆದುಕೊಳ್ಳಬಹುದು. ಹಣ ಕಟ್ಟಿದ ಜಾಮೀನುದಾರ ಬ್ಯಾಂಕಿನ ಜಾಗದಲ್ಲಿ ನಿಂತು ಸಾಲಗಾರನಿಂದ ವಸೂಲಿ ಮಾಡಬಹುದು, ಸಹಜಾಮೀನುದಾರರಿಂದ ಅವರವರ ಪಾಲು ಕೇಳಬಹುದು. ಆದರೆ ಬ್ಯಾಂಕುಗಳು ಅಚ್ಚು ಹಾಕಿಸಿಟ್ಟ ಫಾರಮುಗಳಲ್ಲಿ ಇಂತಹ ಹಲವು ಹಕ್ಕುಗಳನ್ನು ‘ಬಿಟ್ಟುಕೊಟ್ಟಿದ್ದೇನೆ’ ಎಂದು ಸಣ್ಣ ಅಕ್ಷರದಲ್ಲಿ ಬರೆಸಿಕೊಂಡಿರುವುದುಂಟು. ಆ ಸಣ್ಣ ಅಕ್ಷರಗಳನ್ನು ಅಪ್ಪನ ಪಕ್ಕದಲ್ಲಿ ಕುಳಿತು ಒಂದು ಸಂಜೆ ಓದಿದರೆ ತಿಂಗಳ ಕ್ಲಾಸಿಗಿಂತ ಹೆಚ್ಚು ಪಾಠವಾದೀತು.

ಕಂಡಕ್ಟಿನ ಕಾಗದ

ಮುಂಬಯಿ ಹೋಟೇಲಿಗರಿಗೆ ‘ಕಂಡಕ್ಟ್’ ಎಂಬ ಶಬ್ದವನ್ನು ವಿವರಿಸಬೇಕಾಗಿಲ್ಲ. ಮಾಲೀಕ ವಯಸ್ಸಾಗಿಯೋ ಊರು ಸೇರಿಯೋ ಹೋಟೇಲನ್ನು ಇನ್ನೊಬ್ಬನಿಗೆ ನಡೆಸಲು ಕೊಡುವುದು, ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡುವುದು. ಹತ್ತು ವರ್ಷದ ಮೇಲೆ ‘ಬಿಟ್ಟುಕೊಡು’ ಎಂದಾಗ ‘ನಾನು ಬಾಡಿಗೆದಾರ, ಬಿಡುವುದಿಲ್ಲ’ ಎಂಬ ಉತ್ತರ ಬರುವುದೂ ಈ ನಗರಕ್ಕೆ ಹೊಸತಲ್ಲ.

ಕಾಗದದ ಮೇಲೆ ಏನು ಹೆಸರಿಟ್ಟಿದ್ದಾರೆ ಎಂಬುದನ್ನಷ್ಟೇ ಕೋರ್ಟು ನೋಡುವುದಿಲ್ಲ. 1959ರ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣ ಇದಕ್ಕೆ ಪ್ರಸಿದ್ಧ. ದಿಲ್ಲಿಯ ಇಂಪೀರಿಯಲ್ ಹೋಟೇಲಿನಲ್ಲಿ ಕೇಶಾಲಂಕಾರದ ಅಂಗಡಿ ಇಟ್ಟಿದ್ದವರ ಕರಾರಿನಲ್ಲಿ ‘ಲೈಸೆನ್ಸ್’ ಎಂದೇ ಬರೆದಿದ್ದರೂ, ಅದರ ತಿರುಳಿನಲ್ಲಿ ಜಾಗದ ಪೂರ್ಣ ಸ್ವಾಧೀನ ಕೊಟ್ಟಿರುವುದನ್ನು ಕಂಡು ಸುಪ್ರೀಂ ಕೋರ್ಟು ಅದನ್ನು ಲೀಸ್ ಎಂದಿತು. ಹೆಸರಿಗಿಂತ ಹುರುಳು, ಎರಡೂ ಕಡೆಯವರ ಉದ್ದೇಶ ಮುಖ್ಯ ಎಂಬ ಸೂತ್ರ ಅಲ್ಲಿಂದ ಇಲ್ಲಿಯವರೆಗೆ ನಡೆದುಬಂದಿದೆ. ಜತೆಗೆ 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸೆಕ್ಷನ್ 55ರಂತೆ ಬಾಡಿಗೆ ಮತ್ತು ಲೀವ್ ಎಂಡ್ ಲೈಸೆನ್ಸ್ ಕರಾರುಗಳು ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. ನೋಂದಾಯಿಸುವ ಹೊಣೆ ಜಾಗದ ಒಡೆಯನದು. ಬರೆದ, ನೋಂದಾಯಿಸಿದ ಕರಾರು ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ, ಬೇರೆ ರುಜುವಾತಾಗುವ ತನಕ, ಮೇಲುಗೈ. ನೋಂದಣಿಯ ನಾಲ್ಕು ಕಾಸು ಉಳಿಸಲು ಹೋದವರಿಗೆ ಇದಕ್ಕಿಂತ ದುಬಾರಿಯಾದ ಉಳಿತಾಯ ಇನ್ನೊಂದಿಲ್ಲ.

ಹೋಟೇಲನ್ನು ಪೂರ್ತಿಯಾಗಿ ಮಾರುವಾಗ ‘ಇದೇ ಪರಿಸರದಲ್ಲಿ ಮತ್ತೆ ಹೋಟೇಲು ಹಾಕುವುದಿಲ್ಲ’ ಎಂದು ಬರೆಸಿಕೊಳ್ಳುವುದು ಊರ್ಜಿತವೇ ಎಂಬುದು ಪರೀಕ್ಷೆಗೆ ಒಳ್ಳೆಯ ಪ್ರಶ್ನೆ. ವ್ಯಾಪಾರಕ್ಕೆ ತಡೆಯೊಡ್ಡುವ ಕರಾರು ಅಸಿಂಧು ಎನ್ನುವ ಸೆಕ್ಷನ್ 27ರಲ್ಲಿಯೇ ಗುಡ್‌ವಿಲ್ ಮಾರಾಟಕ್ಕೆ ವಿನಾಯಿತಿ ಇದೆ, ಸ್ಥಳದ ಮಿತಿ ನ್ಯಾಯಯುತವಾಗಿದ್ದರೆ. ಆದರೆ ಕೆಲಸ ಬಿಟ್ಟು ಹೋಗುವ ಅಡುಗೆಯವನಿಂದ ಹಾಗೆಯೇ ಬರೆಸಿಕೊಂಡರೆ? ಅದು ನಿಲ್ಲುವುದಿಲ್ಲ. ಬೇರೆ ಕಡೆ ದುಡಿದು ತಿನ್ನುವ ಅವನ ಹಕ್ಕನ್ನು ಕಾನೂನು ಕಾಯುತ್ತದೆ.

ಚೆಕ್ಕಿನ ಅಧ್ಯಾಯದಲ್ಲಿ ದಿನಗಳ ಲೆಕ್ಕವೇ ಪ್ರಾಣ. ಚೆಕ್ಕು ಹಿಂದೆ ಬಂದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನಗಳೊಳಗೆ ಲಿಖಿತ ನೋಟೀಸು, ನೋಟೀಸು ತಲುಪಿದ ಬಳಿಕ ಹಣ ಕೊಡಲು 15 ದಿನಗಳ ಕಾಲಾವಕಾಶ, ಅದೂ ಮುಗಿದರೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. 1989ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಸೆಕ್ಷನ್ 138ರಂತೆ ಶಿಕ್ಷೆ ಈಗ ಎರಡು ವರ್ಷಗಳವರೆಗಿನ ಜೈಲು, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗಿನ ದಂಡ ಅಥವಾ ಎರಡೂ. ‘ನಾಳೆ ಕೊಡುತ್ತೇನೆ’ ಎಂಬ ಮಾತು ನಂಬಿ ದಿನ ಕಳೆದವರ ಪ್ರಕರಣಗಳೇ ಬಹಳ. ವಿಳಂಬಕ್ಕೆ ತಕ್ಕ ಕಾರಣ ತೋರಿಸಿದರೆ ದೂರಿನ ಅವಧಿಯನ್ನು ಕೋರ್ಟು ಮನ್ನಿಸಬಹುದು, ಆದರೆ ನೋಟೀಸಿನ 30 ದಿನಗಳಿಗೆ ಅಂತಹ ಸಡಿಲಿಕೆ ಇಲ್ಲ.

ಓದುವ ಬಗೆ

ಈ ವಿಷಯದಲ್ಲಿ ಅಂಕ ತಪ್ಪುವುದು ಹೆಚ್ಚಾಗಿ ಸಮಸ್ಯಾತ್ಮಕ ಪ್ರಶ್ನೆಗಳಲ್ಲಿ. ‘ಎ ಎಂಬವನು ಬಿ ಎಂಬವನಿಗೆ’ ಎಂದು ಕಥೆ ಆರಂಭವಾದೊಡನೆ ವಿದ್ಯಾರ್ಥಿ ತನಗೆ ಗೊತ್ತಿರುವ ವ್ಯಾಖ್ಯೆಯನ್ನೆಲ್ಲ ಸುರಿದು ಬರುತ್ತಾನೆ. ಪರೀಕ್ಷಕನಿಗೆ ಬೇಕಾದದ್ದು ಇಷ್ಟೇ: ಇಲ್ಲಿ ಜಗಳ ಯಾವ ಬಿಂದುವಿನ ಮೇಲೆ, ಅದಕ್ಕೆ ಅನ್ವಯಿಸುವ ನಿಯಮ ಯಾವುದು, ಈ ಸಂಗತಿಗಳಿಗೆ ಆ ನಿಯಮ ಹೇಗೆ ಹೊಂದುತ್ತದೆ, ಹಾಗಾಗಿ ಗೆಲ್ಲುವವರು ಯಾರು. ಸೆಕ್ಷನ್ ನಂಬರು ಮರೆತರೂ ವಾದ ಸರಿಯಿದ್ದರೆ ಅಂಕ ಬರುತ್ತದೆ. ನಂಬರು ನೆನಪಿದ್ದು ವಾದ ಇಲ್ಲದಿದ್ದರೆ ಬರುವುದಿಲ್ಲ.

ಕರಾರು ಕಾಯ್ದೆಗೆ ಗೈಡ್‌ಗಿಂತ ಒಳ್ಳೆಯ ಪುಸ್ತಕ ಆ ಕಾಯ್ದೆಯೇ. ಹಲವು ಸೆಕ್ಷನ್‌ಗಳ ಕೆಳಗೆ ಪುಟ್ಟ ಪುಟ್ಟ ದೃಷ್ಟಾಂತಗಳಿವೆ. ವ್ಯಾಪಾರಿಯೊಬ್ಬ ತಪ್ಪಿ ಬೇರೆಯವರ ಮನೆಯಲ್ಲಿ ಸರಕು ಇಳಿಸಿ ಹೋದ, ಮನೆಯವ ಅದನ್ನು ತನ್ನದೆಂದೇ ಬಳಸಿಕೊಂಡ, ದುಡ್ಡು ಕೊಡಬೇಕೇ? ಕೊಡಬೇಕು ಎನ್ನುತ್ತದೆ ಸೆಕ್ಷನ್ 70ರ ದೃಷ್ಟಾಂತ. ಹಾಲಿನ ಕ್ರೇಟು ಪಕ್ಕದ ಹೋಟೇಲಿನ ಬಾಗಿಲಲ್ಲಿ ಇಳಿದ ಅನುಭವ ಇರುವ ಮನೆಯ ಮಗುವಿಗೆ ಇದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳದು.

ಪ್ರಕರಣಗಳನ್ನೂ ಹಾಗೆಯೇ ಕಥೆಯಾಗಿ ಓದಬೇಕು. ಅಹಮದಾಬಾದಿನ ವ್ಯಾಪಾರಿ ಫೋನಿನಲ್ಲಿ ಪ್ರಸ್ತಾವ ಇಟ್ಟ, ಖಾಮಗಾಂವ್‌ನವನು ಫೋನಿನಲ್ಲೇ ಒಪ್ಪಿದ, ಸರಕು ಬರಲಿಲ್ಲ. ದಾವೆ ಎಲ್ಲಿ ಹೂಡಬೇಕು? ಒಪ್ಪಿಗೆ ಕಿವಿಗೆ ಬಿದ್ದ ಊರಿನಲ್ಲಿ ಕರಾರು ಆಗುತ್ತದೆ, ಆದ್ದರಿಂದ ಅಹಮದಾಬಾದಿನಲ್ಲಿ ಹೂಡಬಹುದು ಎಂದು 1965ರ ಭಗವಾನದಾಸ್ ಕೇಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಹೇಳಿತು. ಮಂಗಳೂರಿನ ಗೋಡಂಬಿಯನ್ನು ಮುಂಬಯಿಯಿಂದ ಫೋನಿನಲ್ಲಿ ತರಿಸುವವರು ಇದನ್ನು ತಮಗೆ ಹೊಂದಿಸಿ ನೋಡಬಹುದು.

ನಮ್ಮ ನಾಡಿನದೇ ಆದ ಪ್ರಕರಣ ಬೇಕಿದ್ದರೆ ‘ನಂದಿನಿ’ ಇದೆ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರನ್ನು ಬಳಸುತ್ತಿತ್ತು. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೇಲು 1989ರಿಂದ ಬಹುತೇಕ ಅದೇ ಹೆಸರಿನಲ್ಲಿ ನಡೆಯುತ್ತಿತ್ತು. ಹೋಟೇಲಿನವರು ಟ್ರೇಡ್‌ಮಾರ್ಕ್ ನೋಂದಣಿಗೆ ಹೊರಟಾಗ ಮಹಾಮಂಡಳ ಅಡ್ಡಬಂತು. ವಿವಾದ ದಿಲ್ಲಿಯವರೆಗೆ ಹೋಗಿ, 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೋಟೇಲಿನ ಪರ ತೀರ್ಪಿತ್ತಿತು. ಸರಕು ಬೇರೆ, ಚಿಹ್ನೆಯ ನೋಟ ಬೇರೆ, ಗ್ರಾಹಕ ಮೋಸ ಹೋಗುವ ಸಂಭವವಿಲ್ಲ ಎಂಬುದು ಕಾರಣ. ಆದರೆ ಹಾಲು, ಹಾಲಿನ ಉತ್ಪನ್ನಗಳಿಗೆ ಆ ನೋಂದಣಿ ಇಲ್ಲ. ಹೋಟೇಲಿನ ಹೆಸರು ಬೋರ್ಡಿಗೆ ಏರುವ ಮೊದಲೇ ಯೋಚಿಸಬೇಕಾದ ವಿಷಯ ಇದೆಂದು ಯಾರಿಗಾದರೂ ಅರ್ಥವಾಗುವ ಪ್ರಕರಣ.

ಭಾಷೆಯ ತೊಡಕು ಇನ್ನೊಂದು. ಕನ್ನಡ ಮಾಧ್ಯಮದಿಂದಲೋ ರಾತ್ರಿ ಶಾಲೆಯಿಂದಲೋ ಬಂದವರಿಗೆ ಇಂಗ್ಲಿಷ್ ಪಠ್ಯದ ಮೊದಲ ಪುಟದಲ್ಲೇ ‘ಕನ್ಸಿಡರೇಷನ್’ ಎಂಬ ಶಬ್ದ ಎದುರಾಗುತ್ತದೆ. ನಿಘಂಟು ನೋಡಿ ‘ಪರಿಗಣನೆ’ ಎಂದು ಬರೆದುಕೊಂಡವನಿಗೆ ಮುಂದಿನ ಹತ್ತು ಪುಟ ಕತ್ತಲೆ. ಕಾನೂನಿನಲ್ಲಿ ಅದು ‘ಪ್ರತಿಫಲ’, ಮಾತಿಗೆ ಬದಲಾಗಿ ಬರುವ ಏನಾದರೊಂದು. ಓದಿದ್ದನ್ನು ರಾತ್ರಿ ಗಲ್ಲೆ ಮುಚ್ಚಿ ಬಂದ ಅಪ್ಪನಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಲು ಸಾಧ್ಯವಾದರೆ ವಿಷಯ ತಲೆಗೆ ಹತ್ತಿದೆ ಎಂದರ್ಥ. ಅಪ್ಪ ಕೇಳುವ ಮರುಪ್ರಶ್ನೆಗಳು ಪ್ರಾಧ್ಯಾಪಕರವಕ್ಕಿಂತ ಕಠಿಣವಾಗಿರುತ್ತವೆ.

ಮುಂದಿನ ದಾರಿಗಳು

ವಿಷಯದಲ್ಲಿ ರುಚಿ ಹತ್ತಿದವರಿಗೆ ದಾರಿಗಳು ಹಲವು. ಸಿ.ಎ. ಫೌಂಡೇಶನ್ ಹಂತದಲ್ಲಿ 2024ರ ಜೂನ್ ಪರೀಕ್ಷೆಯಿಂದ ವ್ಯವಹಾರ ಕಾನೂನು 100 ಅಂಕಗಳ ಪ್ರತ್ಯೇಕ ಪತ್ರಿಕೆ, ಅದೂ ವಿವರಣಾತ್ಮಕ ಉತ್ತರಗಳದ್ದು. ಬಿ.ಕಾಂ. ಓದನ್ನು ಗಟ್ಟಿ ಮಾಡಿಕೊಂಡವರಿಗೆ ಇದು ಅರ್ಧ ದಾರಿ ಕ್ರಮಿಸಿದಂತೆ. ಕಂಪೆನಿ ಸೆಕ್ರೆಟರಿ ಓದಿನಲ್ಲಂತೂ ಮೊದಲಿನಿಂದ ಕೊನೆಯವರೆಗೆ ಕಾನೂನೇ. ವಕೀಲರಾಗಬೇಕೆಂದು ಹನ್ನೆರಡನೆಯ ತರಗತಿಯಲ್ಲೇ ನಿಶ್ಚಯಿಸಿದವರಿಗೆ ಐದು ವರ್ಷಗಳ ಸಂಯುಕ್ತ ಪದವಿ ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ಈ ಮಾದರಿಗೆ ಹೆಸರಾದದ್ದು. ಅಂತಹ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ 2008ರಲ್ಲಿ ಆರಂಭವಾದ ಕ್ಲಾಟ್ ಪರೀಕ್ಷೆ ಬರೆಯಬೇಕು. ಮಹಾರಾಷ್ಟ್ರದ ಇತರ ಕಾಲೇಜುಗಳಿಗೆ ರಾಜ್ಯದ್ದೇ ಸಿ.ಇ.ಟಿ. ಇದೆ. 1855ರಲ್ಲಿ ಆರಂಭವಾದ ಚರ್ಚ್‌ಗೇಟಿನ ಸರಕಾರಿ ಕಾನೂನು ಕಾಲೇಜೂ ಇದರಲ್ಲಿ ಸೇರಿದೆ.

ಬಿ.ಕಾಂ. ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ. ಮಾಡುವ ಹಳೆಯ ಪದ್ಧತಿಯೂ ನಿಂತಿಲ್ಲ. ಮನೆಯ ವ್ಯವಹಾರ ನೋಡಿಕೊಳ್ಳುವ ಹಂಬಲ ಇರುವವರಿಗೆ ಬಹುಶಃ ಅದೇ ಒಳ್ಳೆಯದು, ಲೆಕ್ಕವೂ ಗೊತ್ತು, ಕಾನೂನೂ ಗೊತ್ತು. ಕ್ಲಾಟ್ ಪರೀಕ್ಷೆ 2022ರಿಂದ ಡಿಸೆಂಬರಿನಲ್ಲಿ ನಡೆಯುತ್ತಿರುವುದರಿಂದ ಹನ್ನೆರಡನೆಯ ತರಗತಿಯ ಫಲಿತಾಂಶದ ಬಳಿಕ ವಿಚಾರಿಸಲು ಹೊರಟರೆ ಆ ವರ್ಷದ ಅವಕಾಶ ಕೈತಪ್ಪಿರುತ್ತದೆ. ಸಂಘಗಳು ನಡೆಸುವ ಮಾರ್ಗದರ್ಶನ ಶಿಬಿರಗಳು ಜೂನಿನ ಬದಲು ಗಣೇಶೋತ್ಸವದ ಆಸುಪಾಸಿನಲ್ಲಿ ನಡೆದರೆ ಈ ಮಕ್ಕಳಿಗೆ ಅರ್ಜಿ ತುಂಬಲು ಸಮಯ ಸಿಕ್ಕೀತು.